ತೆರೆ ಹಿಡಿಯುವವರು ಯಾರು?

ಈ ವರ್ಷ ನಮ್ಮ ಯುವಕ ಸಂಘದ ಯಕ್ಷಗಾನ ಆಟಕ್ಕೆ ಚಪ್ಪರ ಹಾಕಿದವರು ಊರವರಲ್ಲ. ಬೆಳಿಗ್ಗೆ ಕುಮಟೆಯಿಂದ ಶಾಮಿಯಾನದ ಲಾರಿ ಬಂತು. ಅದರಿಂದ ಇಳಿದ ನಾಲ್ಕು ಜನ ಪೈಪು ಜೋಡಿಸಿ, ಮೇಲೆ ಬಟ್ಟೆ ಎಳೆದು, ಕುರ್ಚಿ ಸಾಲು ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೈ ತೊಳೆದುಕೊಂಡರು. ನಮ್ಮ ಹುಡುಗರು ಏಳೆಂಟು ಮಂದಿ ಬಂದಿದ್ದರು. ಸ್ವಲ್ಪ ಹೊತ್ತು ಗದ್ದೆ ಬದುವಿನ ಮೇಲೆ ನಿಂತು ನೋಡಿದರು. "ನಾವೆಂತ ಮಾಡೂದು?" ಅಂತ ಒಬ್ಬ ಕೇಳಿದ. "ಎಂತದೂ ಇಲ್ಲ ತಮಾ, ರಾತ್ರಿ ಆಟ ನೋಡೂಕೆ ಬನ್ನಿ" ಅಂದರು ಖಜಾಂಚಿ. ಹುಡುಗರು ಬೈಕ್ ಹತ್ತಿ ಹೋದರು.

ಖಜಾಂಚಿ ಸಂಬಂಧದಲ್ಲಿ ನನಗೆ ದೊಡ್ಡಪ್ಪ. ಆಟಕ್ಕೆ ಮೊದಲು ನಡೆದ ಸಭೆಯಲ್ಲಿ "ಈಗಿನ ಮಕ್ಕಳಿಗೆ ಊರ ಕೆಲಸ ಬೇಡ" ಅಂತ ತುಂಬಾ ಬೇಸರ ಪಟ್ಟುಕೊಂಡಿದ್ದರು. ಅದು ಸುಳ್ಳು ಬೇಸರ ಅಲ್ಲ. ಸಂಘವನ್ನು ನಲವತ್ತು ವರ್ಷ ಹೊತ್ತವರು ಅವರು. ಆದರೆ ಆ ಬೆಳಿಗ್ಗೆ ಹುಡುಗರು ಬಂದು ನಿಂತದ್ದನ್ನೂ ವಾಪಸ್ ಹೋದದ್ದನ್ನೂ ನಾನು ಕಣ್ಣಾರೆ ನೋಡಿದೆ. ಅಲ್ಲಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಹುಡುಗರು ಬರ್ತಾ ಇಲ್ಲವೋ, ಅಥವಾ ಬಂದವರಿಗೆ ಮಾಡೋಕೆ ಏನೂ ಉಳಿದಿಲ್ಲವೋ?

ನಮ್ಮೂರು ಅಘನಾಶಿನಿ ದಂಡೆಯದು. ಹೊನ್ನಾವರ ದೂರವಲ್ಲ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಗೆಜ್ಜೆ ಕಟ್ಟುತ್ತಿದೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಲ್ಲಿ ನೆಂಟರಿಗೇ ಬಂದಷ್ಟು ಖುಷಿ. ಆಟ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಸೀಮೆ ಇದು. ಆದರೆ ಮೇಳದ ಆಟ ಬೇರೆ, ಊರ ಸಂಘದ ಆಟ ಬೇರೆ. ಮೇಳದ ಆಟಕ್ಕೆ ನಾವು ಹೋಗಿ ಕೂತರೆ ಸಾಕು. ಸಂಘದ ಆಟದಲ್ಲಿ ಅರ್ಧ ವೇಷ ನಮ್ಮವರದ್ದೇ, ಅಡುಗೆ ನಮ್ಮದೇ, ಗ್ಯಾಸ್‌ಲೈಟು ಕೆಟ್ಟರೆ ರಿಪೇರಿಯೂ ನಮ್ಮದೇ ಆಗಿತ್ತು.

ಚಪ್ಪರದ ಕೆಲಸ ಅಂದರೆ ಎರಡು ದಿನದ ಗದ್ದಲ. ಅಡಿಕೆ ಮರದ ಕಂಬ ಒಬ್ಬರ ಮನೆಯದ್ದು, ದಬ್ಬೆ ಇನ್ನೊಬ್ಬರದ್ದು. ತೆಂಗಿನ ಮಡಲನ್ನು ಮನೆಮನೆಗೆ ಹೋಗಿ ಹೊತ್ತು ತರಬೇಕು. ಕಂಬದ ಮೇಲೆ ಕೂತವರು "ಬಳ್ಳಿ ಕೊಡಾ" ಅಂತ ಕೂಗುತ್ತಿದ್ದರು, ನೆನೆಹಾಕಿದ ಬಳ್ಳಿಯನ್ನು ಕೆಳಗಿಂದ ಎಸೆಯೋದು ನಮ್ಮಂಥ ಹತ್ತು ಹನ್ನೆರಡು ವರ್ಷದವರ ಕೆಲಸ. ಗುಂಡಿಗೆ ನೀರು ಹೊಯ್ಯೋದು, ಮಣ್ಣು ತುಳಿಯೋದು, ಎಲ್ಲರಿಗೂ ಬೆಲ್ಲ ನೀರು ಕೊಡೋದು. ನಮ್ಮನ್ನು ಯಾರೂ ಸಂಘಕ್ಕೆ ಸೇರಿಸಿಕೊಳ್ಳಲಿಲ್ಲ. ಬಳ್ಳಿ ಎಸೆದೂ ಎಸೆದೂ ನಾವೇ ಸೇರಿಹೋದೆವು.

ರಂಗಸ್ಥಳದ ಮೇಲೂ ಹಾಗೇ ಇತ್ತು. ಮೊದಲೆಲ್ಲ ಪ್ರಸಂಗ ಶುರುವಾಗೋದಕ್ಕೆ ಮುಂಚೆ ಪೂರ್ವರಂಗ ಅಂತ ಇರುತ್ತಿತ್ತು. ಕೋಡಂಗಿ ಬರುತ್ತಿದ್ದ, ಬಾಲಗೋಪಾಲರು ಬರುತ್ತಿದ್ದರು. ಇವು ಹೊಸಬರ ವೇಷಗಳು. ಹೆಜ್ಜೆ ತಪ್ಪಿದರೂ ಯಾರೂ ಬೈಯುತ್ತಿರಲಿಲ್ಲ, ಜನ ಇನ್ನೂ ಬಂದು ಕೂರುತ್ತಾ ಇರುವ ಹೊತ್ತು ಅದು. ಸಭೆ ಅಂದರೆ ಏನು, ತಾಳ ಅಂದರೆ ಏನು ಅಂತ ಹುಡುಗರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಕಾಲಮಿತಿ ಆಟ ಬಂತು. ಬೆಳಗಾಗುವ ತನಕ ನಡೆಯುತ್ತಿದ್ದದ್ದು ಮೂರು ನಾಲ್ಕು ತಾಸಿಗೆ ಇಳಿಯಿತು. ಮರುದಿನ ಕೆಲಸಕ್ಕೆ ಹೋಗೋರಿಗೆ ಅದು ಬೇಕೇ ಬೇಕಿತ್ತು, ನಾನು ಕಾಲಮಿತಿಯ ವಿರೋಧಿ ಅಲ್ಲ. ಆದರೆ ಸಮಯ ಕಡಿಮೆ ಮಾಡುವಾಗ ಮೊದಲು ಹೋದದ್ದು ಪೂರ್ವರಂಗ. ದೊಡ್ಡ ವೇಷಗಳು ಉಳಿದವು, ಕಲಿಯುವವರ ವೇಷಗಳು ಹೋದವು. ಈಗ ಹೊಸ ಹುಡುಗ ಬಂದರೆ ನೇರವಾಗಿ ಅಭಿಮನ್ಯುವನ್ನೇ ಮಾಡಬೇಕು, ಇಲ್ಲಾ ಕುರ್ಚಿಯಲ್ಲಿ ಕೂರಬೇಕು.

ಆ ರಾತ್ರಿಯ ವಿಷಯಕ್ಕೆ ಬರ್ತೇನೆ. ಸಂಜೆ ಏಳಕ್ಕೆ, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಹೋದೆ. ಶಾಲೆಯ ಒಂದು ಕೋಣೆಯನ್ನೇ ಚೌಕಿ ಮಾಡಿದ್ದೆವು. ಬಣ್ಣ ಮತ್ತು ತೆಂಗಿನೆಣ್ಣೆಯ ವಾಸನೆ. ಬಾಡಿಗೆ ವೇಷಭೂಷಣದ ಪೆಟ್ಟಿಗೆಗಳು ಸಾಲಾಗಿ ತೆರೆದಿದ್ದವು. ಪೆಟ್ಟಿಗೆಯ ಜೊತೆ ಬಂದವರು ಒಬ್ಬರೇ. ಅವರು ಒಬ್ಬರ ತಲೆಗೆ ಕೇದಗೆ ಮುಂದಲೆ ಕಟ್ಟುವಷ್ಟರಲ್ಲಿ ಇನ್ನೊಬ್ಬರು ವೀರಕಸೆ ಕೈಯಲ್ಲಿ ಹಿಡಿದು ಕಾಯುತ್ತಾ ಕೂತಿದ್ದರು. ಮುಂದಲೆ ಕಟ್ಟೋದು ತಮಾಷೆಯ ಕೆಲಸ ಅಲ್ಲ. ಸಡಿಲ ಆದರೆ ಮೊದಲ ಗಿರಕಿಗೇ ವಾಲುತ್ತೆ, ಜಾಸ್ತಿ ಬಿಗಿದರೆ ಅರ್ಧ ತಾಸಿಗೆ ತಲೆ ಸಿಡಿಯುತ್ತೆ. ಬಟ್ಟೆಯ ಒಂದು ತುದಿಯನ್ನು ಹಿಂದಿನಿಂದ ಯಾರಾದರೂ ಎಳೆದು ಹಿಡಿದಿರಬೇಕು. ನಾನು ಹಿಡಿದೆ.

ಪದ ಹೇಳಿ ಆಟ ನಡೆಸೋಕೆ ಹೊರಗಿಂದ ಬಂದಿದ್ದ ಭಾಗವತರು ಹಳೆ ಕ್ರಮದವರು. ರಾಕ್ಷಸನ ಒಡ್ಡೋಲಗ, ಅಂದರೆ ರಂಗಪ್ರವೇಶ, ಇಬ್ಬರು ಕೈಯಲ್ಲಿ ಹಿಡಿಯುವ ಬಟ್ಟೆಯ ತೆರೆಯಲ್ಲೇ ಆಗಬೇಕು ಅಂದರು. "ತೆರೆ ಹಿಡಿಯೋರು ಯಾರು?" ಅಂತ ಕೇಳಿದರು. ನಮ್ಮಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಗುತ್ತಿಗೆಯಲ್ಲಿ ಶಾಮಿಯಾನ ಇತ್ತು, ಮೈಕ್ ಇತ್ತು, ಜನರೇಟರ್ ಇತ್ತು, ಊಟ ಇತ್ತು. ತೆರೆ ಹಿಡಿಯೋರು ಇರಲಿಲ್ಲ.

ರಸ್ತೆಯ ಬದಿಯಲ್ಲಿ ಬೈಕ್ ಮೇಲೆ ಕೂತಿದ್ದ ಹುಡುಗನನ್ನು ಕರೆದೆ. ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸ ಅವನಿಗೆ. ಆಟಕ್ಕೆ ಅಂತಲೇ ರಜೆ ಹಾಕಿ ರೈಲು ಹತ್ತಿ ಬಂದಿದ್ದ. "ನಂಗೆ ಬರೂದಿಲ್ಲ ಅಣ್ಣಾ" ಅಂದ. ಕೈ ಹಿಡಿದು ಕರೆದುಕೊಂಡು ಬಂದೆ. ಇನ್ನೊಂದು ತುದಿಗೆ ಯಾರು ಅಂತ ನೋಡುವಾಗ, ಪಿಯುಸಿ ಓದುವ ಒಬ್ಬ ಹುಡುಗಿ "ನಾ ಹಿಡೀತೆ" ಅಂತ ತಾನಾಗಿ ಬಂದು ನಿಂತಳು. ಸಂಘದ ಹೆಸರೇ ಯುವಕ ಸಂಘ. ಹೆಣ್ಣುಮಕ್ಕಳಿಗೆ ಸದಸ್ಯತ್ವ ಅಂತ ನಾವು ಯಾವತ್ತೂ ಯೋಚನೆ ಮಾಡಿದವರಲ್ಲ. ಜಿಲ್ಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಯಕ್ಷಗಾನ ಕಲಿತು ವೇಷ ಮಾಡ್ತಾ ಇರುವಾಗಲೂ ನಮ್ಮಲ್ಲಿ ಆ ಮಾತು ಬಂದಿರಲಿಲ್ಲ.

ಭಾಗವತರು ಇಬ್ಬರನ್ನೂ ಹತ್ತಿರ ಕರೆದು ಹೇಳಿಕೊಟ್ಟರು. ಮೇಲಿನ ಅಂಚನ್ನು ಬಿಗಿಯಾಗಿ ಹಿಡೀಬೇಕು. ವೇಷಧಾರಿ ಹಿಂದಿನಿಂದ ತೆರೆ ಹಿಡಿದು ಜಗ್ಗುತ್ತಾನೆ, ಆಗ ಬಿಡಬಾರದು. ಚಂಡೆಯ ಮೇಲೆ ಕಿವಿ ಇರಲಿ. ಮೊದಲು ಕಿರೀಟ ಮಾತ್ರ ಕಾಣಬೇಕು, ಆಮೇಲೆ ಕಣ್ಣು, ಆಮೇಲೆ ಮುಖ. ಪೂರ್ತಿ ಇಳಿಸೋದು ಕೊನೆಗೆ. ಅಷ್ಟೇ ಪಾಠ. ರಂಗಕ್ಕೆ ಬಂದಾಗ ಹುಡುಗನ ಕೈ ನಡುಗುತ್ತಿದ್ದದ್ದು ಮೊದಲ ಸಾಲಿಗೂ ಕಾಣುತ್ತಿತ್ತು. ಚಂಡೆ ಏರಿತು. ತೆರೆಯ ಹಿಂದೆ ಗೆಜ್ಜೆಯ ಸದ್ದು. ಹುಡುಗಿ ಒಂದು ಬೆರಳಷ್ಟು ಮೊದಲೇ ಇಳಿಸಿದಳು, ಭಾಗವತರು ಪದ ಬಿಡದೆ ಕಣ್ಣಲ್ಲೇ ಹೇಳಿದರು, ಸರಿ ಮಾಡಿಕೊಂಡಳು. ತೆರೆ ಸರಿದು ವೇಷ ಆರ್ಭಟ ಕೊಟ್ಟಾಗ ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ಅರ್ಧ ತಮ್ಮದು ಅಂತ ಆ ಇಬ್ಬರಿಗೂ ಅನಿಸಿರಬೇಕು. ನನಗಂತೂ ಹಾಗೇ ಅನಿಸಿತು.

ಆಮೇಲೆ ಅವರು ಹೋಗಲಿಲ್ಲ. ಹುಡುಗ ಚೌಕಿಗೆ ಬಂದು ವೇಷದವರಿಗೆ ಗಾಳಿ ಹಾಕಿದ, ಕುಡಿಯೋಕೆ ಕೊಟ್ಟ, ಭುಜಕೀರ್ತಿ ಬಿಚ್ಚೋದು ಹೇಗೆ ಅಂತ ಕೇಳಿ ಬಿಚ್ಚಿದ. ಫೋನ್ ಮಾಡಿ ಗೆಳೆಯರನ್ನೂ ಕರೆಸಿದ. ಬೆಳಿಗ್ಗೆ ಬಂದು ವಾಪಸ್ ಹೋಗಿದ್ದವರಲ್ಲಿ ಮೂವರು ಬಂದರು. ಅದರಲ್ಲಿ ಒಬ್ಬ ಡಿಗ್ರಿ ಓದುವವ, ಕಾಲೇಜಿನ ಎನ್ನೆಸ್ಸೆಸ್‌ (ರಾಷ್ಟ್ರೀಯ ಸೇವಾ ಯೋಜನೆ)ನಲ್ಲಿ ಇದ್ದಾನೆ. ಅಲ್ಲಿ ವರ್ಷಕ್ಕೆ 120 ತಾಸು ಸೇವೆ ಆಗಬೇಕು, ಜೊತೆಗೆ ಏಳು ದಿನದ ಕ್ಯಾಂಪು. ಪೆಟ್ಟಿಗೆಗೆ ಗೆಜ್ಜೆ ತುಂಬುತ್ತಾ ಅವನು ಹೇಳಿದ ಮಾತು ನನ್ನನ್ನು ಬಿಡ್ತಾ ಇಲ್ಲ: "ಕ್ಯಾಂಪಲ್ಲಿ ಬೇರೆ ಊರಿನ ಕೆರೆ ಹೂಳು ತೆಗೆದೆ ಅಣ್ಣಾ. ನಮ್ಮೂರಲ್ಲಿ ಯಾರೂ ಕೆಲಸ ಹೇಳೂದೇ ಇಲ್ಲ."

ದೊಡ್ಡಪ್ಪನ ಮಾತನ್ನೂ ಸರಿಯಾಗಿ ಹೇಳಬೇಕು. ಗುತ್ತಿಗೆಗೆ ಕೊಡೋಣ ಅಂತ ಹಠ ಹಿಡಿದವರು ಅವರೇ, ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಚಪ್ಪರಕ್ಕೆ ಕರೆದಾಗ ಬಂದವರು ಐದೇ ಜನ. ಒಬ್ಬನನ್ನು ಬಿಟ್ಟು ಎಲ್ಲರಿಗೂ ಐವತ್ತು ದಾಟಿತ್ತು. ಒಬ್ಬರು ಏಣಿಯಿಂದ ಜಾರಿ ಕೈ ಮುರಿದುಕೊಂಡರು. "ದುಡ್ಡು ಕೊಟ್ರೆ ದುಡ್ಡು ಮಾತ್ರ ಹೋಗ್ತದೆ ಮಾರಾಯಾ, ಜನ ಉಳೀತಾರೆ" ಅನ್ನೋದು ಅವರ ವಾದ. ಊರಲ್ಲಿ ಹುಡುಗರೇ ಕಡಿಮೆ ಅನ್ನೋದೂ ನಿಜ. ಬೆಂಗಳೂರು, ಹುಬ್ಬಳ್ಳಿ, ಗೋವಾ ಅಂತ ಹೋಗಿದ್ದಾರೆ. ಉಳಿದವರಲ್ಲಿ ಕೆಲವರಿಗೆ ಶಿಫ್ಟ್ ಕೆಲಸ, ಕೆಲವರಿಗೆ ಬೋಟು. ಸಂಜೆ ಐದಕ್ಕೆ ಎಲ್ಲರೂ ಬಿಡುವಾಗಿ ಸಿಗುತ್ತಿದ್ದ ಕಾಲ ಈಗಿಲ್ಲ.

ಆದರೆ ಸೇವಾ ಮನಸ್ಸೇ ಇಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆಗಳು ಉಕ್ಕಿ ಊರುಗಳು ಮುಳುಗಿದಾಗ ದೋಣಿ ತಂದವರು ಯಾರು? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜರಿದು ಗಂಗಾವಳಿ ಹೊಳೆಗೆ ಬಿತ್ತು. ಆಚೆ ದಡದ ಉಳುವರೆಯಲ್ಲೂ ಮನೆಗಳು ಹೋದವು. ಆ ಮಳೆಯಲ್ಲಿ ಅಕ್ಕಿ, ಬಟ್ಟೆ, ಕಂಬಳಿ ಒಟ್ಟುಮಾಡಿ ಹೊರಟವರಲ್ಲಿ ನಮ್ಮೂರಿನ ಹುಡುಗರೂ ಇದ್ದರು. ಯಾವ ಸಂಘದ ನೋಟಿಸೂ ಇರಲಿಲ್ಲ. ಒಂದು ವಾಟ್ಸಾಪ್ ಮೆಸೇಜಿಗೆ ಒಂದು ಪಿಕಪ್ ತುಂಬಿತು. ಅಲ್ಲಿ ಏನು ಬೇಕು, ತಾನು ಏನು ಮಾಡಬಹುದು ಅಂತ ಪ್ರತಿಯೊಬ್ಬನಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಸಂಘದಲ್ಲಿ ಅದು ಕಾಣುವುದಿಲ್ಲ.

ಗಜನಿಯನ್ನೇ ನೋಡಿ. ಉಪ್ಪುನೀರು ನುಗ್ಗದ ಹಾಗೆ ಮಣ್ಣಿನ ಒಡ್ಡು ಹಾಕಿ, ಕಗ್ಗ ಭತ್ತ ಬೆಳೆಯುವ ಗದ್ದೆಗಳು ಇಲ್ಲಿಯವು. ಒಡ್ಡು ಒಡೆದರೆ ಒಬ್ಬನ ಗದ್ದೆ ಮಾತ್ರ ಹಾಳಾಗೋದಿಲ್ಲ, ಎಲ್ಲರದ್ದೂ ಹೋಗುತ್ತೆ. ಅದಕ್ಕೇ ಮನೆಗೊಬ್ಬರು ಬರಲೇಬೇಕಿತ್ತು. ಆ ಮನೆಗೊಬ್ಬರ ಲೆಕ್ಕದಲ್ಲಿ ಹದಿನಾಲ್ಕು ವರ್ಷದ ಹುಡುಗನೂ ಅಪ್ಪನ ಬದಲಿಗೆ ಹೋಗಿ ಬುಟ್ಟಿ ಹೊರುತ್ತಿದ್ದ, ಊರ ವ್ಯವಹಾರ ಕಲಿಯುತ್ತಿದ್ದ. ಅಂಕೋಲಾ ಕಡೆ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತ ನೋಡಿದಾಗಲೂ ನನಗೆ ಇದೇ ಕಾಣೋದು. ತಲೆಯ ತುರಾಯಿ ಕಟ್ಟೋದರಿಂದ ಹಿಡಿದು ಮನೆಮನೆ ಸುತ್ತೋವರೆಗೆ ಎಲ್ಲ ಅವರದ್ದೇ ಕೈ. ನಾನು ನೋಡಿದ ಕೇರಿಗಳಲ್ಲಿ ಚಿಕ್ಕ ಮಕ್ಕಳೂ ತಂಡದ ಜೊತೆ ಓಡುತ್ತಾ ಇರುತ್ತಾರೆ. ಅವರನ್ನು ಯಾರೂ ಆಚೆ ನಿಲ್ಲಿಸೋದಿಲ್ಲ.

ಆಟದ ಮುಂದಿನ ಭಾನುವಾರ ಲೆಕ್ಕದ ಸಭೆ. ನಾನು ಇದನ್ನೆಲ್ಲ ಹೇಳಿದೆ. ದೊಡ್ಡಪ್ಪ ಪೂರ್ತಿ ಒಪ್ಪಲಿಲ್ಲ. "ಒಂದು ರಾತ್ರಿ ತೆರೆ ಹಿಡಿದವ ಮುಂದಿನ ವರ್ಷ ಬರ್ತಾನೆ ಅಂತ ಎಂತ ಗ್ಯಾರಂಟಿ?" ಅಂದರು. ಗ್ಯಾರಂಟಿ ಇಲ್ಲ. ನಮಗೂ ಆಗ ಯಾರೂ ಗ್ಯಾರಂಟಿ ಕೇಳಿರಲಿಲ್ಲ ಅಂದೆ. ಸ್ವಲ್ಪ ಜೋರು ಮಾತೇ ಆಯಿತು. ಕೊನೆಗೆ ಒಂದಿಷ್ಟು ತೀರ್ಮಾನ ಆಯಿತು. ಎತ್ತರಕ್ಕೆ ಹತ್ತುವ ಕೆಲಸ ಇರುವ ದೊಡ್ಡ ಚಪ್ಪರ ಶಾಮಿಯಾನದವರಿಗೇ ಇರಲಿ. ರಂಗಸ್ಥಳದ ಕಂಬ, ತೋರಣ, ಮಾವಿನೆಲೆ, ಚೌಕಿ, ಊಟ ಬಡಿಸೋದು ಊರಿಗೆ ವಾಪಸ್. ಪ್ರಸಂಗಕ್ಕೆ ಮುಂಚೆ ಅರ್ಧ ತಾಸು ಪೂರ್ವರಂಗ, ಅದರಲ್ಲಿ ಶಾಲೆ ಮಕ್ಕಳ ಬಾಲಗೋಪಾಲ. ಸಭೆ ಇನ್ನು ಗುರುವಾರ ಸಂಜೆ ಬೇಡ, ಭಾನುವಾರ ಬೆಳಿಗ್ಗೆ. ವೆರ್ಣಾದ ಹುಡುಗ ಕೇಳಿದ್ದು ಇದೊಂದೇ. ಹೆಣ್ಣುಮಕ್ಕಳ ಸದಸ್ಯತ್ವಕ್ಕೆ ಯಾರೂ ಬೇಡ ಅನ್ನಲಿಲ್ಲ. ಇಷ್ಟು ಸುಲಭ ಇತ್ತಾ ಅಂತ ಅನಿಸಿತು.

ಕಾರ್ಯದರ್ಶಿ ಸ್ಥಾನ ಮಾತ್ರ ಖಾಲಿ ಇದೆ. ನಮ್ಮದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ. ಪ್ರತಿವರ್ಷ ಸರ್ವಸಾಧಾರಣ ಸಭೆ ಮಾಡಿ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಎಲ್ಲ ಸಲ್ಲಿಸಬೇಕು. ಬಿಟ್ಟರೆ ಅನುದಾನವೂ ಇಲ್ಲ, ಬ್ಯಾಂಕ್ ಖಾತೆಗೂ ತೊಂದರೆ. ಚಪ್ಪಾಳೆ ಸಿಗದ ಕೆಲಸ ಇದು, ಯಾರಿಗೂ ಬೇಡ. ಡಿಗ್ರಿ ಹುಡುಗನನ್ನು ಕೇಳಿದ್ದೇವೆ, ಪರೀಕ್ಷೆ ಮುಗಿಯಲಿ ಅಂದಿದ್ದಾನೆ. ಒಪ್ಪಿದರೆ ಹಳೆ ಫೈಲು ಹಿಡಿದು ಕಚೇರಿಗೆ ಮೊದಲ ಸಲ ಹೋಗುವಾಗ ದೊಡ್ಡಪ್ಪ ಜೊತೆಗೆ ಹೋಗ್ತಾರಂತೆ. ಯಾವ ಕಾಗದ ಯಾವ ಮೇಜಿಗೆ ಕೊಡಬೇಕು ಅಂತ ಅವರೊಬ್ಬರಿಗೇ ಗೊತ್ತು.