ಸವೆದ ವಿಕ್ಟೋರಿಯಾ ರೂಪಾಯಿಯ ಇಸವಿ ಪತ್ತೆ: ಇಲ್ಲಿಯವರೆಗೆ ಆದದ್ದು

ನಾಣ್ಯದ ಸ್ಥಿತಿ: ಮುಖದ ಚಿತ್ರ ಬಹುಪಾಲು ಸವೆದಿದೆ. ಹಿಂಬದಿಯಲ್ಲಿ ಇಸವಿಯ ಕೊನೆಯ ಅಂಕಿಯ ಮೇಲ್ಭಾಗಕ್ಕೇ ಚಾಣದ ಏಟು ಬಿದ್ದಿದೆ. ಬೆಳ್ಳಿ ಅಸಲಿಯೋ ಎಂದು ನೋಡಲು ಹಿಂದೆ ಚಿನಿವಾರರು ಹೀಗೆ ಕಚ್ಚು ಹಾಕುತ್ತಿದ್ದರು.

ಹಂತ 1, ತೂಕ. 11.38 ಗ್ರಾಂ. ಹೊಸದರಲ್ಲಿ 11.66 ಇರಬೇಕು, ಸವೆತಕ್ಕೆ ಈ ಕೊರತೆ ಸರಿಹೊಂದುತ್ತದೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ತಾಗದಂತೆ ಮುಳುಗಿಸಿದಾಗ 1.11 ತೋರಿಸಿತು, ಅದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 10.25. ನೂರಕ್ಕೆ 91.7 ಬೆಳ್ಳಿಗೆ 10.3 ಬರಬೇಕು, ಹಾಗಾಗಿ ಲೋಹ ಸರಿಯಿದೆ. ಅಂಚಿಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಳಗಿಳಿಯುತ್ತದೆ. ಮೊದಲ ಸಲ ಆದದ್ದು ಅದೇ. 0.01 ಗ್ರಾಂ ತಕ್ಕಡಿಯಲ್ಲಿ ನೂರಕ್ಕೆ ಒಂದರಷ್ಟು ಏರುಪೇರು ಹೇಗೂ ಇದ್ದದ್ದೇ.

ಹಂತ 2, ಕಾಲದ ಚೌಕಟ್ಟು. ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯ ಬರಹ ಇಲ್ಲ. 1840ರ ಕಂಪನಿ ರೂಪಾಯಿಯಲ್ಲೂ ಎಡ್ವರ್ಡ್, ಜಾರ್ಜ್ ದೊರೆಗಳ ರೂಪಾಯಿಯಲ್ಲೂ ಅದು ಇರುತ್ತದೆ. ಅಲ್ಲಿಗೆ 1862–1901ರ ನಡುವಿನ ನಾಣ್ಯ ಇದು. ಮುಖದ ಬಲಬದಿಯಲ್ಲಿ ಉಳಿದಿರುವುದು ಕೊನೆಯ ಒಂದೇ ಅಕ್ಷರ, ಇಂಗ್ಲಿಷಿನ 'ಎಸ್'. ಅಂದರೆ ವಿಕ್ಟೋರಿಯಾ ಹೆಸರಿನ ಮುಂದಿನ ಬಿರುದು 'ಕ್ವೀನ್' ಅಲ್ಲ, 'ಎಂಪ್ರೆಸ್', 1877 ಅಥವಾ ನಂತರದ್ದು. ಇದು ದೊಡ್ಡ ಸಮಾಧಾನ: 'ಕ್ವೀನ್' ಆಗಿದ್ದರೆ 1862 ಎಂದು ಸ್ಪಷ್ಟವಾಗಿ ಓದಿದರೂ ನಂಬುವಂತಿಲ್ಲ. 1874ರವರೆಗೂ ಅದೇ ಇಸವಿ ಹಾಕಿ ಟಂಕಿಸಿದರು, ನಿಜವಾದ ವರ್ಷಕ್ಕೆ ಹಿಂಬದಿಯಲ್ಲಿ ಒತ್ತಿರುವ ಸಣ್ಣ ಚುಕ್ಕಿಗಳನ್ನು ಎಣಿಸಬೇಕು.

ಹಂತ 3, ಜಿಡ್ಡು ತೆಗೆಯುವುದು. ಶುದ್ಧ ಅಸಿಟೋನ್‌ನಲ್ಲಿ ಹತ್ತು ನಿಮಿಷ, ಆಮೇಲೆ ಡಿಸ್ಟಿಲ್ಡ್ ನೀರು, ಒತ್ತಿ ಒರೆಸುವುದು, ಉಜ್ಜುವಂತಿಲ್ಲ. ಹುಣಸೆಹಣ್ಣು, ಸೋಡಾ, ಪಾಲಿಶ್ ಪುಡಿ ಯಾವುದೂ ಬೇಡ. ಅಂಕಿಯ ಸುತ್ತ ಕೂತ ಕಪ್ಪೇ ಓದಲು ನೆರವಾಗುವುದು, ಬೆಳ್ಳಗೆ ತಿಕ್ಕಿದರೆ ಅದೂ ಹೋಯಿತು.

ಹಂತ 4, ಓರೆ ಬೆಳಕು. ಕತ್ತಲೆ ಕೋಣೆ, ಒಂದೇ ಎಲ್‌ಇಡಿ, ನಾಣ್ಯದ ಮಟ್ಟದಿಂದ 10–15 ಡಿಗ್ರಿ ಎತ್ತರ. ಕ್ಯಾಮೆರಾ ಅಲುಗಿಸದೆ ದೀಪವನ್ನು 45 ಡಿಗ್ರಿಯಂತೆ ಸರಿಸುತ್ತ ಎಂಟು ಫೋಟೊ. ನೇರ ಬೆಳಕಿನಲ್ಲಿ ಬೋಳಾಗಿದ್ದ ಜಾಗದಲ್ಲಿ ಎಡದ ಬೆಳಕಿಗೆ '1 8 8' ಎದ್ದು ಬಂತು. ಕೊನೆಯ ಅಂಕಿಯ ಕೆಳಗಿನ ಅರ್ಧ ಮಾತ್ರ ಇದೆ: ದುಂಡು ತಳ, ಎಡಬದಿ ಮುಚ್ಚಿದೆ. ಹಾಗಾಗಿ 0, 6, 8 ಉಳಿದವು. ಏಟಿನ ಅಂಚಿಗೆ ಬರುವಷ್ಟರಲ್ಲಿ ಗೆರೆಗಳೆರಡೂ ಒಳಗೆ ಬಾಗುತ್ತವೆ. ಸೊನ್ನೆಯಾಗಿದ್ದರೆ ನೆಟ್ಟಗೆ ಏರಬೇಕಿತ್ತು.

ಹಂತ 5, 6 ಅಥವಾ 8. ಅಳತೆಗೋಲು ನಾಣ್ಯದಲ್ಲೇ ಇದೆ, ಎರಡು ಪೂರ್ತಿ 8ಗಳು. ತಳದಿಂದ ಸೊಂಟದವರೆಗೆ ಒಂದು 43 ಪಿಕ್ಸೆಲ್, ಇನ್ನೊಂದು 42. ಕೊನೆಯ ಅಂಕಿ 43. ಸಾಮಾನ್ಯವಾಗಿ 6ರ ಹೊಟ್ಟೆ 8ರ ಕೆಳಹೊಟ್ಟೆಗಿಂತ ಎತ್ತರ. ವಾಲಿಕೆ 1888ರ ಕಡೆಗೆ. ಆದರೆ ಚಾಣದ ಏಟು ಲೋಹವನ್ನು ಕೆಳಕ್ಕೆ ತಳ್ಳಿರಲೂಬಹುದು, ಆಗ 6 ಕೂಡ ಗಿಡ್ಡವಾಗಿ ಕಾಣುತ್ತದೆ.

ಸದ್ಯಕ್ಕೆ ಲಕೋಟೆಯ ಮೇಲೆ: 'ಎಂಪ್ರೆಸ್, 188?, 8 ಇರಬಹುದು'. ಬಾಕಿ ಕೆಲಸ: ಸ್ಪಷ್ಟ 1886ರ ನಾಣ್ಯವೊಂದನ್ನು ಇದೇ ಬೆಳಕು, ಇದೇ ದೂರದಲ್ಲಿ ತೆಗೆದು, ಅರೆಪಾರದರ್ಶಕ ಮಾಡಿ ಇದರ ಮೇಲೆ ಹೊದಿಸಿ ನೋಡುವುದು.