ಕೈ ಕಾಣಿಸುವ ಡ್ರಾಯಿಂಗ್ ಬೋರ್ಡ್: ಮಳೆಗಾಲದ ಅಪ್‌ಡೇಟ್

ಮೂರು ಕಡೆಯಿಂದ ಒಟ್ಟಿಗೆ ಚಿತ್ರ ಬಿಡಿಸುವ ನಮ್ಮ ಆನ್‌ಲೈನ್ ಬೋರ್ಡ್‌ನಲ್ಲಿ ಈಗ ಕೈ ಕಾಣಿಸುತ್ತದೆ. ಬದಿಯಡ್ಕದಲ್ಲಿ ಕೂತು ನಾನು ಬೆರಳಾಡಿಸಿದರೆ ಸೀತಾಂಗೋಳಿಯ ವೆಲ್ಡಿಂಗ್ ಶೆಡ್‌ನಲ್ಲೂ ಮಂಗಳೂರಿನ ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಅದರ ನೆರಳು ಆಡುತ್ತದೆ. ಹೊಸದಾಗಿ ಓದುವವರಿಗೆ: ನಾವು ಮೂವರು ಸೇರಿ ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಡಿಸೈನ್ ಮಾಡುತ್ತಿದ್ದೇವೆ. ಬೋರ್ಡ್‌ನ ಕೋಡ್ ಬರೆದದ್ದು ಅದಕ್ಕಾಗಿ. ಈಗ ಡ್ರೈಯರ್‌ಗಿಂತ ಬೋರ್ಡೇ ದೊಡ್ಡ ಕೆಲಸವಾಗಿದೆ, ಅದು ಬೇರೆ ಮಾತು.

ಬರೀ ಗೆರೆ ಸಾಲುತ್ತಿರಲಿಲ್ಲ. ವೆಲ್ಡರ್ ಅಣ್ಣ ಕಾಗದದ ಮುಂದೆ ಕೂತರೆ ಬರೆಯುವುದು ಕಮ್ಮಿ, ಕೈ ಆಡಿಸುವುದೇ ಜಾಸ್ತಿ. ಅಂಗೈ ಓರೆ ಮಾಡಿದರೆ ಮಾಡಿನ ಇಳಿಜಾರು. ಎರಡೂ ಕೈ ಮುಂದೆ ತಳ್ಳಿದರೆ ಗಾಳಿ ಹೋಗುವ ದಾರಿ. ಇದ್ಯಾವುದೂ ಕಾಗದದಲ್ಲಿ ಉಳಿಯುವುದಿಲ್ಲ. ಜಾನ್ ಟ್ಯಾಂಗ್ ಎಂಬ ಸಂಶೋಧಕರು 1980ರ ದಶಕದಲ್ಲಿ ಡಿಸೈನರ್‌ಗಳ ಸಣ್ಣ ಗುಂಪುಗಳನ್ನು ವಿಡಿಯೋ ಮಾಡಿ ಗಮನಿಸಿದ್ದರು. ಕಾಗದದ ಸುತ್ತ ಕೈಗಳು ಮಾಡಿದ್ದರಲ್ಲಿ ಸುಮಾರು 35% ಸನ್ನೆಗಳೇ ಆಗಿದ್ದವು. ಮುಂದೆ ಅವರು ಮತ್ತು ಸ್ಕಾಟ್ ಮಿನ್ನೆಮನ್ ಸೇರಿ 1991ರಲ್ಲಿ ವಿಡಿಯೋವೈಟ್‌ಬೋರ್ಡ್ ತೋರಿಸಿದರು. ಅದರಲ್ಲಿ ದೂರದಲ್ಲಿರುವವರ ನೆರಳು ಈಚೆ ಕಡೆಯ ಬೋರ್ಡ್ ಮೇಲೆ ಬೀಳುತ್ತಿತ್ತು. ನಾನು ಹಿಡಿದದ್ದು ಆ ದಾರಿ.

ಹಲವರು ಒಟ್ಟಿಗೆ ಡಿಸೈನ್ ಮಾಡುವ ಫಿಗ್ಮಾದಂಥ ಆ್ಯಪ್‌ಗಳಲ್ಲಿ ಪ್ರತಿಯೊಬ್ಬರ ಮೌಸ್ ಬಾಣ ಹೆಸರಿನ ಜೊತೆ ಓಡಾಡುತ್ತದೆ. "ಇದು" ಅಂತ ತೋರಿಸಲು ಅಷ್ಟು ಸಾಕು. ಆದರೆ ಬಾಣವನ್ನು ಅಂಗೈಯಂತೆ ಓರೆ ಮಾಡಲಾಗುವುದಿಲ್ಲ ಅಲ್ವಾ?

ಮೇಜಿನ ಮೇಲೆ ಫೋನನ್ನು ಕೆಳಮುಖವಾಗಿ ತೂಗುಹಾಕಿದ್ದೇವೆ. ಕ್ಯಾಮೆರಾ ಚಿತ್ರದಲ್ಲಿ ಕೈ ಹುಡುಕುವ ಮೀಡಿಯಾಪೈಪ್ ಎಂಬ ಸಾಫ್ಟ್‌ವೇರ್ ಒಂದು ಕೈಯಲ್ಲಿ 21 ಬಿಂದು ಗುರುತಿಸುತ್ತದೆ. ನಾವು ಕಳಿಸುವುದು ಆ ಅಂಕಿಗಳನ್ನು ಮಾತ್ರ, ವಿಡಿಯೋ ಅಲ್ಲ. ಶೆಡ್‌ನಲ್ಲಿ ನೆಟ್ ಸಿಗುವುದೇ ಅಷ್ಟಕ್ಕಷ್ಟೇ. ಅಂಕಿ ಬಂದ ಮೇಲೆ ಆಚೆ ಕಡೆಯ ಸಾಧನವೇ ನೆರಳು ಬಿಡಿಸುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ.

ತಲೆನೋವು ಬಂದದ್ದು ಮಾತಿನಿಂದ. ಕೈ ಬೇಗ ತಲುಪುತ್ತದೆ, ದನಿ ತಡವಾಗುತ್ತದೆ. "ಇಲ್ಲಿ ತೂತು ಬೇಕು" ಅಂತ ಕೇಳುವ ಹೊತ್ತಿಗೆ ಬೆರಳು ಇನ್ನೆಲ್ಲೋ ಇರುತ್ತದೆ. ಅದಕ್ಕೆ ಬೆರಳ ತುದಿ ಹೋದಲ್ಲೆಲ್ಲ ನಿಧಾನಕ್ಕೆ ಮಾಸುವ ಬಾಲ ಬಿಟ್ಟೆ. ಎಲ್ಲರಿಗೂ ಕಾಣುವ ಮೌಸ್ ಬಾಣಗಳಿಗೆ ಸಂಶೋಧಕ ಕಾರ್ಲ್ ಗಟ್ವಿನ್ ಅವರು ಇಂಥದ್ದನ್ನು ಮೊದಲೇ ಮಾಡಿ ನೋಡಿದ್ದಾರೆ. ಬಾಲ ಉದ್ದವಾದರೆ ಬೋರ್ಡ್ ಗಜಿಬಿಜಿ. ಒಂದೆರಡು ಸೆಕೆಂಡ್ ಇದ್ದರೆ ಹಿತ.

ಈಗ ಉಳಿದದ್ದು ಅಳತೆ. ಅಣ್ಣ ಎರಡು ಕೈ ಅಗಲಿಸಿ, "ಟ್ರೇ ಇಷ್ಟಿದ್ರೆ ಸಾಕು ಮಾರಾಯ್ರೆ" ಅನ್ನುತ್ತಾರೆ. ಶೆಡ್‌ನಲ್ಲಿ ನಿಂತವನಿಗೆ ಅದು ಪಕ್ಕಾ ಅಳತೆ. ಬೋರ್ಡ್‌ನಲ್ಲಿ ಜೂಮ್ ಬದಲಾದರೆ ಅದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಎರಡು ಕೈಗಳ ನಡುವಿನ ಅಂತರವನ್ನು ನೆರಳಿನ ಪಕ್ಕದಲ್ಲೇ ಸೆಂಟಿಮೀಟರ್‌ನಲ್ಲಿ ಬರೆಸುತ್ತಿದ್ದೇನೆ. ಕೈ ಮೇಜಿಗೆ ತಾಗಿದ್ದರೆ ಲೆಕ್ಕ ಸರಿ ಬರುತ್ತದೆ. ಮೇಲೆತ್ತಿದರೆ ಕ್ಯಾಮೆರಾಕ್ಕೆ ಹತ್ತಿರವಾಗಿ ಅಂಕಿ ಹಿಗ್ಗುತ್ತದೆ. ಮೂವರ ಅಂಗೈ ಅಗಲವನ್ನೂ ಒಮ್ಮೆ ಅಳೆದಿಟ್ಟು, ಅದಕ್ಕೆ ಹೋಲಿಸಿ ಸರಿಪಡಿಸುವ ಕೋಡ್ ಬರೆಯಲು ಶುರು ಮಾಡಿದ್ದೇನೆ. ಅದು ಆಗುವ ತನಕ ಟ್ರೇಯ ಕಬ್ಬಿಣ ಕತ್ತರಿಸಬಾರದು ಅಂತ ಅಣ್ಣನಿಗೆ ಹೇಳಿದ್ದೇನೆ. ಅವರು ಟೇಪ್ ಹಿಡಿದು ಅಳೆದು ಆಗಲೇ ಒಂದನ್ನು ಕತ್ತರಿಸಿಯಾಗಿದೆ.