ಬಿಳಿ ಹಿಕ್ಕೆ: ಹದಿನಾಲ್ಕು ತಿಂಗಳಾದ ಮೇಲೆ ಹೆಸರು ಸಿಕ್ಕಿತು

ಆ ಬಿಳಿ ಹಿಕ್ಕೆ ಕಿರುಬನದೇ, ಅಂದರೆ ಕತ್ತೆಕಿರುಬನದೇ! ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ಖಾತ್ರಿ ಆಯಿತು. ಅವತ್ತಿನಿಂದ ಯಾರು ಸಿಕ್ಕರೂ ಇದನ್ನೇ ಹೇಳುತ್ತಿದ್ದೇನೆ.

ಜಾಗ ಗಂಗಾವತಿ ಕಡೆಯ ಬಂಡೆಗುಡ್ಡದ ಬುಡ. ಊರವರು ಸತ್ತ ದನ ಎಳೆದು ಹಾಕುವ ಹಳ್ಳದಿಂದ ಅರ್ಧ ಕಿಲೋಮೀಟರ್ ದೂರ. ಇದಕ್ಕಿಂತ ಜಾಸ್ತಿ ಗುರುತು ಬರೆಯೋದಿಲ್ಲ, ಜಾಗ ಗೊತ್ತಾದರೆ ಪ್ರಾಣಿಗೇ ತೊಂದರೆ. ಅಲ್ಲಿ ಒಂದು ಹಾಸುಬಂಡೆ, ಅದರ ಪಕ್ಕ ಬಿಳಿ ಗುಂಡುಗಳ ರಾಶಿ. ಹೋದ ವರ್ಷ ಮೊದಲು ನೋಡಿದಾಗ ಯಾರೋ ಸುಣ್ಣದ ಉಂಡೆ ಚೆಲ್ಲಿದ್ದಾರೆ ಅಂದುಕೊಂಡೆ. ಒಂದನ್ನು ಒಡೆದೆ. ಒಳಗೆ ಪುಡಿ ಪುಡಿ, ಸೀಮೆಸುಣ್ಣದ ಹಾಗೆ. ನಡುವೆ ಉಗುರಿನಷ್ಟು ಎಲುಬಿನ ಚೂರು, ನಾಲ್ಕು ಒರಟು ಕೂದಲು.

ಹಿಕ್ಕೆ ನೋಡಿ ಅದು ಯಾವ ಪ್ರಾಣಿಯದು ಅಂತ ಗುರುತಿಸೋದು ನನ್ನ ಹವ್ಯಾಸ. ಚಿಗರಿ, ಮೊಲ, ಮುಳ್ಳುಹಂದಿ, ಪುನುಗು ಬೆಕ್ಕು ಇವುಗಳ ಹಿಕ್ಕೆಯ ವಿಷಯ ಇಲ್ಲಿ ಹೇಳೋದಿಲ್ಲ. ಕೈಗವಸು, ಮಾಸ್ಕ್, ಅಳತೆಪಟ್ಟಿ ಇಟ್ಟು ಫೋಟೋ, ಇವು ಈ ಕೆಲಸದ ರೂಢಿ. ಒಂದೇ ಮಾತು. ಹಿಕ್ಕೆಯನ್ನು ಫ್ರೀಜರಿನಲ್ಲಿಟ್ಟರೆ ಸಾಕು, ರೋಗದ ಭಯ ಇಲ್ಲ ಅನ್ನುವವರು ಇನ್ನೂ ಇದ್ದಾರೆ. ನಾಯಿ ಜಾತಿಯ ಪ್ರಾಣಿಗಳ ಹಿಕ್ಕೆಯಲ್ಲಿ ಎಕಿನೊಕಾಕಸ್ ಅನ್ನೋ ಲಾಡಿಹುಳದ ಮೊಟ್ಟೆ ಇರಬಹುದು. ಮನೆ ಫ್ರೀಜರಿನ ಚಳಿಗೆ ಅವು ಸಾಯೋದಿಲ್ಲ. ಮನೆಯಲ್ಲಾದರೆ ಬಿಸಿಯೇ ಬೇಕು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ಬಿಳಿ ರಾಶಿ ನೋಡಿದವರೆಲ್ಲ ಕಿರುಬ ಅಂದರು. ನನಗೂ ಹಾಗೇ ಅನಿಸಿತ್ತು. ಅಲ್ಲಿ ಕುರಿ ಮೇಯಿಸುವ ಅಜ್ಜನನ್ನು ಕೇಳಿದೆ. ‘ಕಿರುಬ ಎಲಿ ಅಡಕಿ ಹಾಕ್ತೈತ್ರಿ, ಸುಣ್ಣ ಜಾಸ್ತಿ ಆಗೈತಿ’ ಅಂದು ಗಹಗಹಿಸಿ ನಕ್ಕ. ಅಜ್ಜ ತಮಾಷೆಗೆ ಹೇಳಿದ್ದರೂ ಸುಣ್ಣದ ಮಾತು ಸುಳ್ಳಲ್ಲ. ಎಲುಬು ತಿಂದರೆ ಹಿಕ್ಕೆಯಲ್ಲಿ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ಒಣಗಿದಾಗ ಅದೇ ಬೆಳ್ಳಗೆ ಕಾಣುತ್ತದೆ. ಕಿರುಬ ದೊಡ್ಡ ಎಲುಬನ್ನೂ ಕಡಿದು ಅರಗಿಸಿಕೊಳ್ಳುತ್ತದೆ, ಹಾಗಾಗಿ ಅದರ ಹಿಕ್ಕೆಗೆ ಬಿಳುಪು ಜಾಸ್ತಿ.

ಆದರೆ ಎಲುಬು ತಿನ್ನೋದು ಅದೊಂದೇ ಅಲ್ಲವಲ್ಲ. ಮಟನ್ ಅಂಗಡಿ ಮುಂದಿನ ನಾಯಿಗಳೂ ತಿನ್ನುತ್ತವೆ. ಅವು ಮಾಡಿದ್ದನ್ನು ಕಣ್ಣಾರೆ ಕಂಡು ಎತ್ತಿದೆ. ಟ್ರೇಯಲ್ಲಿಟ್ಟು, ಮೇಲೆ ಜಾಲರಿ ಕಟ್ಟಿ, ಮಾಳಿಗೆ ಮೇಲೆ ಏಪ್ರಿಲ್ ಬಿಸಿಲಿಗೆ ಬಿಟ್ಟೆ. ಮೊದಲ ದಿನ ಕಂದು. ನಾಲ್ಕನೇ ದಿನ ಬೂದಿ. ಹನ್ನೊಂದನೇ ದಿನ ಅಪ್ಪಟ ಬಿಳಿ. ಕಿರುಬನ ಹಿಕ್ಕೆ ಅಂತ ಕೊಟ್ಟರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಬರೀ ಬಣ್ಣ ನೋಡಿ ಬರೆದ ನನ್ನ ಹಳೇ ನೋಟ್‌ಬುಕ್ಕಿನ ಆರು ದಾಖಲೆಗಳನ್ನು ಅವತ್ತೇ ಹೊಡೆದು ಹಾಕಿದೆ.

ಈ ಗೊಂದಲಕ್ಕೆ ಇನ್ನೂರು ವರ್ಷ ವಯಸ್ಸು. 1821ರಲ್ಲಿ ಇಂಗ್ಲೆಂಡಿನ ಕಿರ್ಕ್‌ಡೇಲ್ ಗುಹೆಯಲ್ಲಿ ಹಳೇ ಕಾಲದ ಎಲುಬುಗಳು ಸಿಕ್ಕವು. ಜೊತೆಗೆ ಇಂಥವೇ ಬಿಳಿ ಗುಂಡುಗಳಿದ್ದವು. ವಿಲಿಯಂ ಬಕ್‌ಲ್ಯಾಂಡ್ ಅನ್ನೋ ಭೂವಿಜ್ಞಾನಿ ಅವು ಯಾರವು ಅಂತ ಹುಡುಕಿದ. ಲಂಡನ್ನಿನಲ್ಲಿ ಪ್ರಾಣಿ ಸಾಕುತ್ತಿದ್ದವನೊಬ್ಬ ನೋಡಿದ ಕೂಡಲೇ ಕಿರುಬನ ಹಿಕ್ಕೆ ಇದ್ದಂತಿದೆ ಅಂದ. ದಿನಾ ಅದನ್ನೇ ಬಳಿದು ಹಾಕುವವನಿಗೆ ಗೊತ್ತಾಗದೇ ಇರುತ್ತಾ! ಮುಂದೆ 1829ರಲ್ಲಿ ಕಲ್ಲಾದ ಹಿಕ್ಕೆಗೆ ಕೊಪ್ರೊಲೈಟ್ ಅಂತ ಹೆಸರಿಟ್ಟವನೂ ಬಕ್‌ಲ್ಯಾಂಡೇ. ಆ ಬಿಳಿ ಗುಂಡುಗಳಿಗೆ ಆಗ ಬಳಸಿದ ಆಲ್ಬಮ್ ಗ್ರೀಕಮ್ ಅನ್ನೋ ಮಾತು ಮೊದಲು ಬಿಳಿಯಾದ ನಾಯಿ ಹಿಕ್ಕೆಗೆ ಇದ್ದದ್ದು. ಯುರೋಪಿನಲ್ಲಿ ಅದನ್ನು ಔಷಧಿಗೆ ಹಾಕುತ್ತಿದ್ದರು. ಅಂದರೆ ನಾಯಿಯದೂ ಬೆಳ್ಳಗಾಗುತ್ತದೆ ಅಂತ ಅವರಿಗೂ ಗೊತ್ತಿತ್ತು.

ಬಣ್ಣ ಕೈಬಿಟ್ಟ ಮೇಲೆ ಉಳಿದದ್ದು ಆಕಾರ, ಜಾಗ, ಹೆಜ್ಜೆ. ರಾಶಿಯಲ್ಲಿದ್ದವು ಹೆಚ್ಚಿನವು ಬಿಡಿ ಬಿಡಿ ಗುಂಡು. ತೋಳ, ನಾಯಿಗಳದ್ದು ತಿರುಚಿಕೊಂಡು ಉದ್ದವಾಗಿ ಬೀಳುತ್ತದೆ, ಒಂದು ತುದಿ ಚೂಪಾಗಿರುತ್ತದೆ. ಕಿರುಬ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ರಾಶಿ. ಇಷ್ಟಕ್ಕೆ ‘ಬಹುಶಃ’ ಅಂತ ಬರೆಯಬಹುದು. ನನಗೆ ಬಹುಶಃ ಬೇಡವಾಗಿತ್ತು. ಹೆಜ್ಜೆಯ ಅಚ್ಚು ಬೇಕಿತ್ತು.

ಬೇಸಿಗೆ ಪೂರ್ತಿ ಮಸಾರಿ ನೆಲ ಕಲ್ಲಿನಂತಿತ್ತು. ಜೂನ್ ಮೊದಲ ವಾರ ಒಳ್ಳೆ ಮಳೆ ಬಿತ್ತು. ಮರುದಿನ ಬೆಳಿಗ್ಗೆ ಬಂಡೆಯ ಮುಂದೆ ಸಾಲಾಗಿ ಹೆಜ್ಜೆ! ಕೈ ನಡುಗುತ್ತಿತ್ತು. ಪ್ಲಾಸ್ಟರ್ ಚೀಲ ಬಿಚ್ಚಿದರೆ ಒಳಗೆ ಗಂಟು ಗಂಟು. ತೇವ ಕುಡಿದ ಹಳೇ ಮಾಲು. ಕಲಸಿ ಸುರಿದು ಒಂದೂವರೆ ಗಂಟೆ ಕಾದೆ. ಎತ್ತಿದಾಗ ಮೊಸರವಲಕ್ಕಿಯಂತೆ ಕೈಯಲ್ಲೇ ಉದುರಿತು. ಇದ್ದ ಒಂದು ಚೊಕ್ಕ ಮುಂಗಾಲಿನ ಗುರುತೂ ಅದರ ಜೊತೆ ಹೋಯಿತು. ಅಂಗಡಿಯವರನ್ನು ಕೇಳಿದರೆ ‘ಗೋಡೆಗೆ ಹಚ್ಚೋರು ಯಾರೂ ತಕರಾರು ಮಾಡಿಲ್ಲ’ ಅಂದರು. ಹೆಜ್ಜೆ ಅಳೆಯೋಕೆ ಆನ್‌ಲೈನಿನಲ್ಲಿ ತರಿಸಿದ ಡಿಜಿಟಲ್ ಕ್ಯಾಲಿಪರ್ ಅನ್ನೋ ಅಳತೆ ಸಾಧನ ಇನ್ನೊಂದು ತಲೆನೋವು. ಮುಚ್ಚಿದರೆ ಸೊನ್ನೆ ತೋರಿಸಬೇಕು. ಅದು ಒಮ್ಮೆ ಎರಡು ಮಿಲಿಮೀಟರ್, ಒಮ್ಮೆ ಮೂರು ತೋರಿಸುತ್ತದೆ. ಹಿಂದಕ್ಕೆ ಕಳಿಸಿ ಮೂರು ವಾರ ಆಯಿತು, ದುಡ್ಡು ಬಂದಿಲ್ಲ. ಈಗ ಶಾಲೆ ಮಕ್ಕಳ ಸ್ಟೀಲ್ ಸ್ಕೇಲೇ ನನ್ನ ದೇವರು.

ಮುಂದಿನ ಮಳೆಗೆ ಒಂಬತ್ತು ದಿನ ಕಾದೆ. ಹೊಸ ಪ್ಲಾಸ್ಟರನ್ನು ಮುಚ್ಚಳ ಬಿಗಿಯಾದ ಹಿಟ್ಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಭಾನುವಾರ ಹೋದಾಗ ಎರಡು ಹೆಜ್ಜೆ ಚೊಕ್ಕವಾಗಿದ್ದವು. ನಾಲ್ಕು ಬೆರಳು, ಉಗುರಿನ ಗುರುತು. ಅಚ್ಚು ಗಟ್ಟಿಯಾಗಿ ಎದ್ದು ಬಂತು. ಮುಂಗಾಲು ಎಂಟೂವರೆ ಸೆಂಟಿಮೀಟರ್, ಹಿಂಗಾಲು ಏಳು. ಕಿರುಬನ ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು.

ಅಚ್ಚು ಆರಲಿ ಅಂತ ಕೂತಾಗ ಇನ್ನೊಂದು ಕಣ್ಣಿಗೆ ಬಿತ್ತು. ಮೊಣಕಾಲೆತ್ತರದ ಒಂದು ಹುಲ್ಲಿನ ಕಡ್ಡಿ. ನಡುವೆ ಬೆಣ್ಣೆ ಸವರಿದ ಹಾಗೆ ತಿಳಿಹಳದಿ ಜಿಡ್ಡು. ಮೂಗು ಹತ್ತಿರ ಒಯ್ದೆ, ಗಪ್ಪನೆ ಹೊಡೆಯಿತು. ಕಿರುಬ ಹುಲ್ಲಿನ ಮೇಲೆ ಹಾದು ಬಾಲದ ಕೆಳಗಿನ ಗ್ರಂಥಿಯನ್ನು ಹೀಗೆ ಒರೆಸಿ ತನ್ನ ಗುರುತು ಬಿಡುತ್ತದೆ. ನಾಯಿ, ತೋಳ ಹೀಗೆ ಮಾಡೋದಿಲ್ಲ. ಕಡ್ಡಿ ಕೀಳಲಿಲ್ಲ. ಅದು ಅದರ ಕಾಗದ, ಓದುವವರು ಬೇರೆ ಇದ್ದಾರೆ.

ರಾಶಿಯ ಅಂಚಿನಲ್ಲಿದ್ದ ಐದು ತಿರುಚಿದ ತುಂಡುಗಳನ್ನು ಮಾತ್ರ ‘ನಾಯಿ ಅಥವಾ ತೋಳ’ ಅಂತಲೇ ಬರೆದಿದ್ದೇನೆ. ಅವೆರಡನ್ನೂ ಕಣ್ಣಳತೆಯಲ್ಲಿ ಬೇರೆ ಮಾಡೋಕೆ ಆಗೋದಿಲ್ಲ, ಡಿಎನ್‌ಎ ಪರೀಕ್ಷೆಯೇ ಬೇಕು.

ಅಂದಹಾಗೆ, ಬರುವ ವಾರದಿಂದ ಕರಡಿ ಕೆಲಸ ಶುರು. ನಮ್ಮ ಊರ ಗೋಮಾಳದಲ್ಲಿ ಸಿಕ್ಕ ಕರಡಿ ಹಿಕ್ಕೆಯಲ್ಲಿ ಗೆದ್ದಲಿನ ತಲೆಗಳ ಜೊತೆ ಮೂವತ್ತೊಂದು ಕಕ್ಕೆ ಬೀಜ ಎಣಿಸಿದ್ದೇನೆ. ಮರದಿಂದ ನೇರ ಕಿತ್ತ ಮೂವತ್ತೊಂದು ಬೀಜ ಪಕ್ಕಕ್ಕಿಟ್ಟು, ಎರಡನ್ನೂ ಕುಂಡದಲ್ಲಿ ಹಾಕಿ ಯಾವುದು ಮೊದಲು ಮೊಳೆಯುತ್ತದೆ ನೋಡಬೇಕು. ದರೋಜಿ ಕರಡಿಧಾಮದ ಒಳಗಿನದ್ದು ಬೇಡ, ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಏನೂ ಎತ್ತಬಾರದು. ಕಪ್ಪು ಕುಂಡ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತವೆ ಗೊತ್ತಿದ್ದರೆ ಹೇಳಿ.

ಸಂಜೆ ಎರಡೂ ಅಚ್ಚು ಒಯ್ದು ಅಜ್ಜನಿಗೆ ತೋರಿಸಿದೆ. ಅಂಗೈ ಮೇಲೆ ಒಂದೊಂದಿಟ್ಟುಕೊಂಡು ಬಹಳ ಹೊತ್ತು ನೋಡಿದ. ಈ ಸಲ ನಗಲಿಲ್ಲ. ‘ಮುಂದಿಂದು ದೊಡ್ಡದೈತಿ. ಅದಕ್ಕ ಅದು ಹಿಂದ ಕುಸದಂಗ ನಡೀತೈತಿ’ ಅಂದ. ಆಮೇಲೆ ಎದ್ದು, ಕುರಿಗಳ ನಡುವೆ ಆ ನಡಿಗೆ ನಡೆದು ತೋರಿಸಿದ.